ಮಿರಜ್ ಎಂಬ ಪರದೇಶ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಊರು ದಾಟಿದರೆ ಎಲ್ಲವೂ ದೇಶವೇ. ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಚೀಲ ಹೇರಿದ ಲಾರಿ ಕಂಡರೆ "ಯಾವ ದೇಶಕ್ಕರೀ?" ಎಂದು ಡ್ರೈವರನನ್ನು ಕೇಳುವಳು. ಗುಜರಾತ್, ದಿಲ್ಲಿ, ಆಫ್ರಿಕಾ, ಯಾವ ಉತ್ತರ ಬಂದರೂ ತಲೆಯಾಡಿಸುವಳು. ಕಣ್ಣು ಉರಿದರೆ, ಖಾರದ ಬೆರಳು ತಾಗದಂತೆ ಮಣಿಕಟ್ಟಿನಿಂದ ಒರೆಸಿಕೊಳ್ಳುವಳು.

ಮಗಳನ್ನು ಮಿರಜಿಗೆ ಕೊಟ್ಟ ಮೇಲೆ "ನನ್ನ ಮಗಳು ಪರದೇಶದಾಗ ಅದಾಳ್ರೀ" ಎನ್ನತೊಡಗಿದಳು. ಶಾಲೆಯಲ್ಲಿ ಭೂಗೋಳ ಕಲಿಸುವ ನನಗೆ ಸುಮ್ಮನಿರಲಾಗುತ್ತಿರಲಿಲ್ಲ.

"ಯವ್ವಾ, ಆಫ್ರಿಕಾ ಖಂಡ, ಭಾರತ ದೇಶ. ಮಿರಜ್ ಇರೂದು ಮಹಾರಾಷ್ಟ್ರದಾಗ, ಅದು ಬಾಜೂಕಿನ ರಾಜ್ಯ. ಅಲ್ಲಿಗೆ ಹೋಗಾಕ ಯಾರ ಪರವಾನಗಿನೂ ಬೇಕಾಗಂಗಿಲ್ಲ."

"ಹೌದನ್ರೀ ಅಕ್ಕೋರ?" ಎಂದು ನಗುವಳು. ಮರುದಿನ ಮತ್ತೆ ಪರದೇಶವೇ.

ಕೊರೊನಾ ಬಂದ ವರ್ಷ ಮಗಳಿಗೆ ದಿನ ತುಂಬಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಬಸ್ಸುಗಳು ನಿಂತು ಮಗಳು ಅಲ್ಲೇ ಉಳಿದಳು. ಈಕೆ ಡಬ್ಬಿಯ ತುಂಬ ಬಾಣಂತಿಗೆ ಕೊಡುವ ಅಂಟಿನ ಉಂಡಿ ಕಟ್ಟಿಕೊಂಡು, ಅವರಿವರನ್ನು ಅಂಗಲಾಚಿ ಒಂದು ಜೀಪು ಗೊತ್ತುಮಾಡಿ ತಾನೇ ಹೊರಟಳು. ಗಡಿಯಲ್ಲಿ ಪೊಲೀಸರು ತಡೆದು ವಾಪಸ್ ಕಳಿಸಿದರು.

ಮರುದಿನ ಬೆಳಿಗ್ಗೆ ಅದೇ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕೋರ, ಅದು ಬರೇ ರಾಜ್ಯ ಅಂತ ನೀವು ಹೇಳಿದ್ರಿ. ಆ ಪೊಲೀಸರಿಗೆ ಗೊತ್ತಿಲ್ಲೇನ್ರೀ?"

ದನಿಯಲ್ಲಿ ಕೊಂಕು ಇರಲಿಲ್ಲ. ಆಕೆ ನಿಜವಾಗಿಯೂ ಕೇಳುತ್ತಿದ್ದಳು. ಕೇಳಿ, ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡಳು. ಅಂದು ಆಕೆ ಮೆಣಸಿನಕಾಯಿ ಮುಟ್ಟಿರಲಿಲ್ಲ.