ರಿಮೋಟ್ ಇಲ್ಲದ ಪೆಟ್ಟಿಗೆ ಯಾರದು?

ಹಜರಾಬಿಗೆ ಬೇಕಾಗಿದ್ದದ್ದು ಒಂದು ರಿಮೋಟು. ಕಂಪನಿಯದೇ ಆಗಬೇಕೆಂಬ ಹಟವೇನೂ ಇರಲಿಲ್ಲ. ಅಗ್ಗದ್ದಾಗಿರಬೇಕು, ಕೆಲಸ ಮಾಡಬೇಕು, ಅಷ್ಟೇ. ಇಷ್ಟಕ್ಕೇ ಹಳಿಯಾಳದ ಪೇಟೆ ಆಕೆಯನ್ನು ಕಳ್ಳಿಯೆಂದು ನೋಡಿತು. ೨೦೦೫ರ ಮಾತಿದು. ಅವತ್ತು ನಿಂತು ನೋಡಿದವರು ಇವತ್ತಿಗೂ ಇದನ್ನು ತಮಾಷೆಯಾಗಿ ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಹಜರಾಬಿ ಹಳಿಯಾಳದಾಚೆಯ ಕಾಡಂಚಿನ ಹಳ್ಳಿಯ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸು. ಮಡಗಾಂವಿನ ಒಂದು ಮನೆಯಲ್ಲಿ ವರ್ಷಾನುಗಟ್ಟಲೆ ಪಾತ್ರೆ ತೊಳೆದು, ಅವರ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಡ ಕಾಶೀಮ ದಾಂಡೇಲಿ ಕಡೆಯ ಒಂದು ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದ. ಗರಗಸದ ಕಿರುಚಾಟಕ್ಕೆ ಅವನ ಕಿವಿ ಹೋಯಿತು. ಕಿವಿಗಿಡಲು ಹಿಡಿ ಹತ್ತಿ ಕೊಡಬೇಕೆಂದು ಮಾಲೀಕನಿಗೆ ಹೊಳೆಯಲಿಲ್ಲ. ಕಿವಿ ಹೋದ ಮೇಲೆ ಮಾತ್ರ, 'ಕರದ್ರ ಕೇಳೂದಿಲ್ಲ, ನಾಳಿಂದ ಬರಬ್ಯಾಡ' ಅನ್ನುವುದು ಚೆನ್ನಾಗಿ ಹೊಳೆಯಿತು.

ಕಾಶೀಮ ಡಮಾಮಿ ಬಾರಿಸುವವನಾಗಿದ್ದ. ಡಮಾಮಿ ಅಂದರೆ ಸಿದ್ದಿಗಳು ಕುಣಿತಕ್ಕೆ ಬಳಸುವ ಚರ್ಮವಾದ್ಯ. ಕಿವಿ ಹೋದ ವರ್ಷ ಅದನ್ನು ಅಣ್ಣನ ಮಗನಿಗೆ ಕೊಟ್ಟುಬಿಟ್ಟ. ಆಮೇಲೆ ಮಾತೂ ನಿಂತಿತು. ಊಟ ಹಾಕಿದರೆ ಉಣ್ಣುವನು, ಇಲ್ಲದಿದ್ದರೆ ಇಲ್ಲ.

ಒಮ್ಮೆ ಅವನು ಹೆಂಡತಿಯನ್ನು ಕರೆದೊಯ್ಯಲು ಮಡಗಾಂವಿಗೆ ಹೋದಾಗ ಆ ಮನೆಯವರು ಹೋಮ್ ಥಿಯೇಟರ್ ಹಚ್ಚಿಕೊಂಡು ಸಿನೆಮಾ ನೋಡುತ್ತಿದ್ದರು. ಕಾಶೀಮ ಮೂಲೆಯಲ್ಲಿ, ನೆಲದ ಮೇಲಿದ್ದ ಕರಿ ಪೆಟ್ಟಿಗೆಗೆ ಒರಗಿ ಕೂತ. ಐದು ಸಣ್ಣ ಸ್ಪೀಕರುಗಳ ಜೊತೆಗೆ ಬರುತ್ತದಲ್ಲ, ಗುಡುಗುಡು ಅನ್ನುವ ದೊಡ್ಡ ಸ್ಪೀಕರು, ಅದು. ಕೂತವನು ಸಟ್ಟನೆ ತಿರುಗಿ ಅದರ ಮೇಲೆ ಅಂಗೈ ಇಟ್ಟ.

"ಹಜರಾ," ಅಂದ, "ಇದರಾಗ ಯಾರೋ ಬಾರ್ಸಾಕತ್ತಾರ."

ಎಷ್ಟೋ ದಿನಗಳ ಮೇಲೆ ಅವನಾಗಿಯೇ ಆಡಿದ ಮಾತು ಅದು. ಮುಂದೆ ಆ ಮನೆಯವರು ಪರದೇಶಕ್ಕೆ ಹೊರಟಾಗ, ಏನು ಬೇಕು, ಸೀರೆಯೋ ಪಾತ್ರೆಯೋ ಎಂದು ಕೇಳಿದರು. ಹಜರಾಬಿ ಆ ಪೆಟ್ಟಿಗೆ ಕೇಳಿದಳು. ಅವರು ನಕ್ಕು ಇಡೀ ಸೆಟ್ಟನ್ನೇ ಕೊಟ್ಟರು. ರಿಮೋಟು ಮಾತ್ರ ಯಾವುದೋ ಡಬ್ಬದಲ್ಲಿ ಸೇರಿ ಹಡಗು ಹತ್ತಿತ್ತು.

ಮನೆಗೆ ತಂದು ಹಚ್ಚಿದರೆ ಸೆಟ್ಟು ಸೊಳ್ಳೆಯ ಹಾಗೆ ಹಾಡಿತು. ಅದರ ಮೈಮೇಲೆ ಇದ್ದದ್ದು ಶುರು ಮಾಡುವ, ನಿಲ್ಲಿಸುವ ಗುಂಡಿಗಳಷ್ಟೇ. ದೊಡ್ಡ ಪೆಟ್ಟಿಗೆಯ ಗುಡುಗು ಏರಿಸಬೇಕಾದರೆ ರಿಮೋಟಿನಿಂದಲೇ ಏರಿಸಬೇಕು. ಕಾಶೀಮ ಪೆಟ್ಟಿಗೆಯ ಮೇಲೆ ಕೈಯಿಟ್ಟ, ಕಾದ, ಎದ್ದು ಹೊರಗೆ ಹೋದ.

ಹಜರಾಬಿ ಪೇಟೆಯ ದೊಡ್ಡ ಅಂಗಡಿಗೆ ಹೋದಳು. ಗಲ್ಲೆಯ ಮೇಲಿದ್ದವನು ಆಕೆಯ ಗುಂಗುರು ಕೂದಲನ್ನೂ ಬರಿಗಾಲನ್ನೂ ನೋಡಿ, "ಯಾರ ಮನ್ಯಾಗ ಕೆಲಸಕ್ಕಿದ್ದೀ? ನಿಮ್ಮ ಸಾವ್ಕಾರಗ ಬರಾಕ ಹೇಳು," ಅಂದ. ಕಂಪನಿಯ ರಿಮೋಟಿಗೆ ಅವನು ಹೇಳಿದ ದರಕ್ಕೆ ಒಂದು ಹೋತ ಬರುತ್ತಿತ್ತು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿಯವರು ಮರ್ಯಾದೆಯಿಂದ ಕೂಡಿಸಿ ಚಹಾ ಕೊಟ್ಟರು, ಆದರೆ ಅವರ ಹತ್ತಿರ ಇದ್ದದ್ದು ಟಿವಿಯ ರಿಮೋಟು. ಕೊನೆಗೆ ಹಳಿಯಾಳದಲ್ಲೇ ಗಿರಣಿ ಪಕ್ಕ ರೇಡಿಯೊ ರಿಪೇರಿ ಮಾಡುವ ಬಾಲು ಸಿಕ್ಕ.

"ಎಲ್ಲಾ ಕಂಪನಿದಕ್ಕೂ ನಡಿಯೂದು ಒಂದು ರಿಮೋಟ್ ಐತಿ ಮಾವಶಿ. ಒಂದು ಕಿಲೋ ಮಟನ್‌ಕಿಂತ ಸೋವಿ. ಆದ್ರ ಸೆಟ್ ಮುಂದ ಇರಲಿಲ್ಲಾಂದ್ರ ಜೋಡಿ ಆಗೂದಿಲ್ಲ. ಹೊತ್ಕೊಂಡ ಬಾ."

ಹೊತ್ತುಕೊಂಡು ಬಂದಳು. ಬಸ್ಸಿಳಿದು ಗೋಣಿಚೀಲ ತಲೆಯ ಮೇಲಿಡುವಷ್ಟರಲ್ಲಿ ಪೇದೆ ಮಲಕಪ್ಪ ಲಾಠಿ ಅಡ್ಡ ಹಿಡಿದ.

"ಏ, ಇಳಸು. ಏನೈತಿ ಅದರಾಗ?"

"ಹಾಡಿನ ಪೆಟಗಿ ರೀ."

"ಯಾರ್ದು?"

"ನಂದ ರೀ."

ಮಲಕಪ್ಪ ಸುತ್ತ ನಿಂತವರ ಕಡೆ ನೋಡಿ ನಕ್ಕ. "ನಮ್ಮ ಸಾಹೇಬ್ರ ಮನ್ಯಾಗ ಇಲ್ಲ ಇದು, ಈಕೀದಂತ! ರಿಮೋಟ್ ಎಲ್ಲೈತಿ?"

"ಅದನ್ನ ತಗೊಳಾಕ ಬಂದೇನ್ರಿ."

"ಹಾಂ, ಸಿಕ್ಕಿ ನೋಡು! ಕಳ್ರು ಪೆಟಗಿ ಒಯ್ತಾರ, ರಿಮೋಟ್ ಮರೀತಾರ. ಮಾಲಕ ಅಂದಾವನ ಕೈಯಾಗ ರಿಮೋಟ್ ಇರತೈತಿ."

ಅದೇ ಬಸ್ಸಿನಿಂದ ಒಬ್ಬ ಮಾಸ್ತರು ಹೊಸ ಟೇಪ್ ರೆಕಾರ್ಡರ್ ಹಿಡಿದು ಇಳಿದಿದ್ದ. ಅವನನ್ನು ಯಾರೂ ಕೇಳಲಿಲ್ಲ. ಸಿದ್ದಿಯ ತಲೆಯ ಮೇಲೆ ಸೌದೆ ಇದ್ದರೆ ಅದು ಅವಳದು, ಸ್ಪೀಕರ್ ಇದ್ದರೆ ಕದ್ದದ್ದು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ನೋಡುತ್ತ ನಿಂತವರೆಲ್ಲರಿಗೂ ಬಾಯಿಪಾಠ ಇತ್ತು.

"ಬಾಲುನ ಅಂಗಡಿಗೆ ಬರ್ರಿ, ಅಂವಗ ಗೊತ್ತೈತಿ," ಅಂದಳು ಹಜರಾಬಿ. ಮಲಕಪ್ಪ ಬಂದ. ಇಕ್ಕಟ್ಟಿನ ಅಂಗಡಿಯೊಳಗೆ ಜಾಗವಿಲ್ಲದೆ ಬಾಗಿಲಲ್ಲಿ ನಿಂತ. ಅವನ ಬೆನ್ನಿಗೆ ಗುಂಪು.

ಬಾಲು ಸೆಟ್ಟಿಗೆ ವೈರು ಚುಚ್ಚಿ, ಹೊಸ ರಿಮೋಟನ್ನು ಹಜರಾಬಿಯ ಕೈಗೆ ಕೊಟ್ಟ. "ಈ ಗುಂಡಿ ಒತ್ತಿ ಹಿಡಿ ಮಾವಶಿ. ಅದು ಒಂದೊಂದ ಕಂಪನಿ ನಂಬರ ಹುಡುಕ್ಕೋತ ಹೋಗತೈತಿ. ಖರೇ ನಂಬರ ಬಂದ ಕೂಡ್ಲೆ ಸೆಟ್ ತಾನ ಬಂದ್ ಆಗತೈತಿ. ಆಗ ಕೈ ಬಿಟ್ಟಬಿಡು."

ಮಲಕಪ್ಪನಿಗೆ ಇದು ಹಿಡಿಸಿತು. "ಮಾಡು ಹಂಗಾರ. ಬಂದ್ ಆದ್ರ ನಿಂದು. ಆಗ್ಲಿಲ್ಲಾಂದ್ರ ಪೆಟಗಿ ಠಾಣೆಗೆ."

"ಸಾಹೇಬ್ರ, ಈ ಲೆಕ್ಕಕ್ಕ ಈ ರಿಮೋಟ್ ಹಿಡದ್ರ ಊರನ ಟಿವಿ ಎಲ್ಲಾ ನನ್ವ ಆದ್ವಲ್ರಿ?" ಅಂದ ಬಾಲು.

"ನೀ ಬಾಯಿ ಮುಚ್ಚಲೇ."

ಹಜರಾಬಿ ಒತ್ತಿ ಹಿಡಿದಳು. ಸೆಟ್ಟಿನ ನೀಲಿ ದೀಪ ಉರಿಯುತ್ತಲೇ ಇತ್ತು. ಹೆಬ್ಬೆರಳು ನೋಯತೊಡಗಿತು. ಗುಂಪಿನಲ್ಲಿ ಯಾರೋ "ಒಳಗ ಹಾಕ್ರಿ ಆಕಿನ್ನ" ಅಂದರು. ಅಷ್ಟರಲ್ಲಿ ದೀಪ ಪಕ್ಕನೆ ಆರಿತು. ಆಕೆ ಕೈ ಬಿಟ್ಟಳು.

ಅದೇ ಗಳಿಗೆಯಲ್ಲಿ ಪಕ್ಕದ ಗಿರಣಿಯ ಸದ್ದೂ ನಿಂತಿತ್ತು. ಬಾಲುವಿನ ಗಮನಕ್ಕೆ ಮಾತ್ರ ಅದು ಬಂತು.

"ಆತ ನೋಡ್ರಿ ಸಾಹೇಬ್ರ," ಅಂದ ಬಾಲು ಗಡಬಡಿಸಿ. "ಬಂದ್ ಆತು."

ಮಲಕಪ್ಪ ಆರಿದ ದೀಪವನ್ನು ನೋಡಿದ. "ಮೊದ್ಲ ರಿಮೋಟ್ ಇಟ್ಕೊಂಡ ಬರೂದಲ್ಲೇನ ಬೇ? ಸುಮ್ನ ತ್ರಾಸ," ಎಂದು ಹೊರಟೇಹೋದ. ತಪ್ಪಾಯಿತು ಅನ್ನಲಿಲ್ಲ. ಗುಂಪೂ ಅನ್ನಲಿಲ್ಲ.

"ಹತ್ತೇತಲ್ಲೋ ಬಾಲು!" ಎಂದು ಹಜರಾಬಿ ಹಿಗ್ಗಿದಳು.

"ಎಲ್ಲಿ ಹತ್ತೇತಿ ಮಾವಶಿ. ಕರೆಂಟ್ ಹೋತು."

ಹಜರಾಬಿ ಸ್ಟೂಲಿನ ಮೇಲೆ ಕುಸಿದು ಕೂತಳು. ಬಾಲು ನಗುತ್ತಿದ್ದ. ಆಕೆ ನಗಲಿಲ್ಲ.

"ಅಂದ್ರ ಕರೆಂಟ್ ಬಂದ ಕೂಡ್ಲೆ ನಾ ಮತ್ತ ಕಳ್ಳಿ ಏನೋ?"

ಬಾಲುವಿನ ನಗು ನಿಂತಿತು. ಎದ್ದುಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದ.

ಕರೆಂಟು ಬಂದದ್ದು ಮಧ್ಯಾಹ್ನದ ಮೇಲೆ. ಇಬ್ಬರೂ ಬೆರಳು ಬದಲಿಸಿಕೊಂಡು ಒತ್ತಿದರು. ಈ ಸಲ ಗಿರಣಿ ಓಡುತ್ತಿರುವಾಗಲೇ ದೀಪ ಆರಿತು. ಆದರೆ ನಂಬರು ಪೂರ್ತಿ ಹೊಂದಿರಲಿಲ್ಲ. ದನಿ ಏರಿಸುವ ಗುಂಡಿ ಒತ್ತಿದರೆ ಡಿಸ್ಕ್ ನಿಲ್ಲುತ್ತಿತ್ತು, ಟಿವಿ ಚಾನಲ್ ಬದಲಿಸುವ ಗುಂಡಿ ಒತ್ತಿದರೆ ದೊಡ್ಡ ಪೆಟ್ಟಿಗೆ ಗುಡುಗುತ್ತಿತ್ತು.

"ಎಲ್ಲಾ ತಿರುವುಮುರುವು ಆಗೇತಿ ಮಾವಶಿ, ಬ್ಯಾರೆ ನಂಬರ ನೋಡೂಣೇನು?" ಎಂದು ಬಾಲು ಪೇಚಾಡಿದ.

"ಗುಡುಗತೈತಿಲ್ಲೋ? ಸಾಕ ಬಿಡು," ಅಂದಳು. ಓದಲು ಬಾರದ ಆಕೆಗೆ ಗುಂಡಿಯ ಮೇಲೆ ಏನು ಬರೆದಿದ್ದರೇನು?

ಬಸ್‌ಸ್ಟ್ಯಾಂಡಿಗೆ ಮರಳುವಾಗ ಆಕೆ ರಿಮೋಟನ್ನು ಚೀಲದೊಳಗೆ ಹಾಕಲಿಲ್ಲ, ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದು ನಡೆದಳು. ಮಲಕಪ್ಪ ಚಹಾದಂಗಡಿಯಲ್ಲಿದ್ದ. ತಲೆ ಎತ್ತಲಿಲ್ಲ.

ಆ ಸಂಜೆ ಬಾಲು ಕೊಟ್ಟ ಹಳೇ ಡಿಸ್ಕು ಹಾಕಿ, ಕಾಶೀಮನ ರಟ್ಟೆ ಹಿಡಿದು ಎಳೆತಂದು ಪೆಟ್ಟಿಗೆಯ ಮುಂದೆ ಕೂರಿಸಿದಳು. ಚಾನಲ್ ಗುಂಡಿ ಒತ್ತುತ್ತ ಹೋದಳು. ತಗಡಿನ ಮೇಲಿದ್ದ ಲೋಟ ಕುಣಿಯಿತು. ಕಾಶೀಮ ಎರಡೂ ಅಂಗೈ ಪೆಟ್ಟಿಗೆಗೆ ಒತ್ತಿ ಕಣ್ಣು ಮುಚ್ಚಿದ. ಆಮೇಲೆ ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೂಗಿದ:

"ಇಂವಾ ಯಾಂವ? ಬಲಗೈ ಛಲೋ ಐತಿ. ಎಡಗೈ ನಿದ್ದಿ ಹೊಡ್ಯಾಕತ್ತೈತಿ!"

ಹಜರಾಬಿ ಅವನ ಮುಖದ ಮುಂದೆ ಬಂದು, ತುಟಿ ಕಾಣುವ ಹಾಗೆ ಅಂದಳು: "ಬೈ ಅವಂಗ."

ಕಾಶೀಮ ಆ ಕಾಣದ ವಾದ್ಯದವನಿಗೆ ಹಾಡು ಮುಗಿಯುವ ತನಕ ಬೈದ. ಮುಗಿದ ಮೇಲೆ ಇನ್ನೊಮ್ಮೆ ಹಚ್ಚು ಅಂದ.