ತುಂಬಿದ ಕೊಡದ ಓಟ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ರಾಮನವಮಿಯ ದಿನ ನಡೆಯುತ್ತಿದ್ದ ಕೊಡದ ಓಟವನ್ನು ಕಂಡವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಅದು ನಿಂತುಹೋದದ್ದೇಕೆಂದು ಯಾರಾದರೂ ಕೇಳಿದರೆ ಎರಡನೇ ಮಹಾಯುದ್ಧದ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆ. ಹಾಗೆ ಹೇಳಿ ಹೇಳಿ ಸಾಕಾಗಿದೆ.

ಹೊಳೆಯಲ್ಲಿ ಕೊಡ ತುಂಬಿ, ಹೆಗಲಿಗೇರಿಸಿ, ಬಜಾರಿನ ಚಪ್ಪರದವರೆಗೆ ಓಡಬೇಕು. ನಡೆಯುವಂತಿಲ್ಲ. ಮೊದಲು ಬಂದವನಿಗೆ ಗೆಲುವಲ್ಲ. ಯಾರ ಕೊಡದಲ್ಲಿ ನೀರು ಹೆಚ್ಚು ಉಳಿದಿದೆಯೋ ಅವನಿಗೆ. ಆ ನೀರಿನಲ್ಲೇ ಊರಿಗೆಲ್ಲ ಪಾನಕ. ಕೊಡದೊಳಗೆ ಎಲೆ ಹಾಕಬಾರದು; ಎಲೆ ತೇಲುತ್ತಿದ್ದರೆ ನೀರು ಅಷ್ಟು ತುಳುಕುವುದಿಲ್ಲ.

ಒಂದು ವರ್ಷ ಕಬ್ಬಿಣದ ಕಾರ್ಖಾನೆಯ ಕೂಲಿಗಳು ವಾಸವಿದ್ದ ಲೈನಿನವರು ತಾವೂ ಓಡುತ್ತೇವೆಂದರು. ಅವರು ಮುಟ್ಟಿದ ನೀರನ್ನು ಪೇಟೆಯವರು ಕುಡಿಯುತ್ತಿರಲಿಲ್ಲ. ಓಟ ನಡೆಸುತ್ತಿದ್ದ ನನ್ನ ದೊಡ್ಡಪ್ಪ ನಕ್ಕು ಒಪ್ಪಿದರು.

"ಓಡ್ಲಿ ಬಿಡ್ರೋ. ಇದ್ದಲು ಹೊರೋರಿಗೆ ನೀರು ಹೊರೋಕೆ ಬರುತ್ತಾ? ಹೊಳೆ ದಂಡೇಲೇ ಅರ್ಧ ಚೆಲ್ತಾರೆ."

ಲೈನಿನಿಂದ ಬಂದವನು ನನ್ನ ವಯಸ್ಸಿನವನೇ. ಮೊಣಕಾಲು ಬಗ್ಗಿಸಿ, ಸೊಂಟದ ಮೇಲೆ ಒಂಚೂರೂ ಅಲುಗದೆ ಓಡಿ ಬಂದ. ಉಳಿದವರ ಬೆನ್ನೆಲ್ಲ ತೊಯ್ದಿತ್ತು, ಅವನದು ಒಣಗಿಯೇ ಇತ್ತು. ಹೈಸ್ಕೂಲು ಓದಿದವನೆಂದು ಕೊಡಗಳನ್ನು ನೋಡಲು ನನ್ನನ್ನು ಚಪ್ಪರದ ಬಾಗಿಲಲ್ಲಿ ನಿಲ್ಲಿಸಿದ್ದರು. ಅವನು ಒಳಗೆ ಬರುವಾಗ ಕೊಡದ ಬಾಯಿ ತೋರಣಕ್ಕೆ ತಗುಲಿ ಒಂದು ಮಾವಿನೆಲೆ ನೀರಿಗೆ ಬಿತ್ತು. ನಾನು ನೋಡಿದೆ.

ದೊಡ್ಡಪ್ಪ ಕೊಡದೊಳಗೆ ಇಣುಕಿದರು. "ಎಲೆ ಹಾಕ್ಕೊಂಡು ಬಂದಿದ್ದಾನಲ್ಲೋ."

"ತೋರಣದ್ದು ಸಾಮಿ, ಈಗ ಬಿತ್ತು," ಎಂದು ಅವನು ನನ್ನತ್ತ ತಿರುಗಿದ. "ಈ ಅಯ್ಯನ್ನ ಕೇಳಿ, ಇಲ್ಲೇ ನಿಂತಿದ್ರು."

"ಏನೋ, ನೋಡಿದ್ಯಾ?" ಎಂದರು ದೊಡ್ಡಪ್ಪ.

ಅವರ ಮನೆಯ ಅನ್ನ ತಿಂದು ಓದಿದವನು ನಾನು. ಬೆಲ್ಲ ಕುಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲಿ ನನ್ನ ತಾಯಿಯೂ ಇದ್ದಳು.

"ಇಲ್ಲ, ನಾನು ನೋಡ್ಲಿಲ್ಲ," ಎಂದೆ.

"ಕೇಳಿಸ್ತಲ್ಲ ಮಾರಾಯ. ಎತ್ಕೊಂಡು ಹೊರಡು."

ಅವನು ಕೊಡ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದ. ನಮ್ಮ ಬೀದಿಯವನ ಅರೆಗೊಡದಲ್ಲಿ ಪಾನಕವಾಯಿತು. ಲೈನಿನವರು ಆ ಸಂಜೆ ತಮ್ಮ ನೀರಿಗೇ ಬೆಲ್ಲ ಕದಡಿ ಕುಡಿದರಂತೆ. ಮರುವರ್ಷ ಅವರು ಬರಲಿಲ್ಲ. "ನೋಡೋರೇ ಹಿಂಗಾದ್ರೆ ಓಡೋದ್ಯಾಕೆ?" ಎಂದು ಉಳಿದ ಬೀದಿಗಳ ಹುಡುಗರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಓಟ ನಿಂತಿತು.

ಮುಂದೆ ನಾನು ಅದೇ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಗೇಟಿನ ಬಳಿ ಅವನು ಎದುರಾಗುತ್ತಿದ್ದ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹತ್ತಿರ ಹೋಗುತ್ತಿದ್ದೆ. "ನಮಸ್ಕಾರ ಅಯ್ಯ," ಎಂದು ಅವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ನಾನು ದಾಟಿ ಹೋಗುತ್ತಿದ್ದೆ.