ನಾಲ್ವರು ದೊರೆಗೆ, ನಾಲ್ವರು ಪಾರ್ಲಿಮೆಂಟಿಗೆ

ಸ್ಕೆಲ್ಬಿ ಊರಿನ ಆಂಬ್ರೋಸ್ ಗಾಡ್ಬಿ ತನ್ನ ಐವತ್ತೊಂದು ವರ್ಷದ ಬದುಕಿನಲ್ಲಿ ದೊರೆಯ ಬಗ್ಗೆ ಒಂದು ಕೆಟ್ಟ ಮಾತೂ ಆಡಿದವನಲ್ಲ. ಕಾರಣ ಇರಲಿಲ್ಲವೆಂದಲ್ಲ. ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅಂಥ ಊರಿಗೂ ದೊರೆ ಹಡಗಿನ ತೆರಿಗೆ ಹಾಕಿದ್ದ. ಪಾರ್ಲಿಮೆಂಟನ್ನು ಹನ್ನೊಂದು ವರ್ಷ ಕರೆಯದೆ ತನಗೆ ಬೇಕಾದ್ದನ್ನೆಲ್ಲ ಹೀಗೇ ಕಿತ್ತುಕೊಂಡ. ತೆರಿಗೆ ಕೊಡಲಾಗದ ವಿಧವೆಯೊಬ್ಬಳ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಬಂದವನು ಇದೇ ಆಂಬ್ರೋಸ್. ಆ ವರ್ಷ ಊರ ಕಾನ್‌ಸ್ಟೇಬಲ್ ಸರದಿ ಅವನ ಮನೆಯದಾಗಿತ್ತು. ವರ್ಷಕ್ಕೊಂದು ಮನೆಯಂತೆ ಸುತ್ತುವ ಕೆಲಸ ಅದು. ಸಂಬಳವಿಲ್ಲ, ಬೈಗುಳ ಬೇಕಾದಷ್ಟು.

ಆಮೇಲೆ ಪೆಟ್ಲುಪ್ಪಿನವರು ಬಂದರು. ದನದ, ಮನುಷ್ಯರ ಉಚ್ಚೆ ಕುಡಿದ ಮಣ್ಣನ್ನು ಕುದಿಸಿದರೆ ಪೆಟ್ಲುಪ್ಪು, ಅದರಿಂದ ದೊರೆಗೆ ಕೋವಿಮದ್ದು. ಅಪ್ಪಣೆಯ ಕಾಗದ ಹಿಡಿದ ಅವರು ಕೊಟ್ಟಿಗೆಗೆ, ಪಾರಿವಾಳದ ಗೂಡಿಗೆ, ಮಲಗುವ ಕೋಣೆಗೆ ಎಲ್ಲಿಗೆ ಬೇಕಾದರೂ ನುಗ್ಗಿ ನೆಲ ಅಗೆಯಬಹುದಿತ್ತು. ಆಂಬ್ರೋಸನ ಹೆಂಡತಿ ಟ್ಯಾಮ್ಸಿನ್ ಆಗ ಮೂರು ದಿನದ ಬಾಣಂತಿ. ಅವಳನ್ನು ಮಂಚದ ಸಮೇತ ಗೋಡೆಗೆ ತಳ್ಳಿ ಮೊಣಕಾಲುದ್ದ ಗುಂಡಿ ತೋಡಿದರು. ಹೆಣ್ಣುಮಗು ಹತ್ತನೆಯ ದಿನ ಸತ್ತಿತು. ಗುಂಡಿಯ ಥಂಡಿಗೆ ಸತ್ತಿತೋ ಇನ್ನೇನಕ್ಕೋ, ಯಾರು ಹೇಳಬೇಕು? ಉಳಿದವನು ಮಗ ಕ್ರಿಸ್ಪಿನ್ ಒಬ್ಬನೇ.

ಆಗಲೂ ಆಂಬ್ರೋಸ್ ಗುಂಡಿ ಮುಚ್ಚುತ್ತ ಹೇಳಿದ್ದು ಇಷ್ಟೇ: ದೊರೆ ಒಳ್ಳೆಯವನು, ಸುತ್ತ ಇರುವ ಸಲಹೆಗಾರರು ಹಾಳು.

1642ರಲ್ಲಿ ಕಾನ್‌ಸ್ಟೇಬಲ್ ಸರದಿ ಮತ್ತೆ ಅವನ ಮನೆಗೆ ಬಂತು. ದೊರೆಗೂ ಪಾರ್ಲಿಮೆಂಟಿಗೂ ಅಷ್ಟರಲ್ಲಿ ಮುಖ ಕೊಟ್ಟು ಮಾತಾಡುವುದೂ ನಿಂತುಹೋಗಿತ್ತು. ಜುಲೈ ತಿಂಗಳ ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಊರಿನ ಎಂಟು ಮಂದಿ ಕವಾಯತು ಕಲಿತವರನ್ನು, ಚರ್ಚಿನ ಪೆಟ್ಟಿಗೆಯಲ್ಲಿರುವ ಆಯುಧಗಳ ಸಮೇತ ತಂದು ಒಪ್ಪಿಸು ಎಂದು ದೊರೆಯ ಕಾಗದ. ಅದೇ ಎಂಟು ಮಂದಿಯನ್ನು, ಅದೇ ಆಯುಧಗಳ ಸಮೇತ, ಬೇರೆ ಜಾಗಕ್ಕೆ ತಾ ಎಂದು ಪಾರ್ಲಿಮೆಂಟಿನ ಕಾಗದ. ಇನ್ನೊಬ್ಬರ ಮಾತು ಕೇಳುವವನು ದ್ರೋಹಿ ಎಂದು ಎರಡರಲ್ಲೂ ಬರೆದಿತ್ತು.

ದೊರೆಯ ಕಾಗದ ಲ್ಯಾಟಿನ್ ಭಾಷೆಯಲ್ಲಿತ್ತು. ಪಾದ್ರಿ ಚರ್ಚಿನಲ್ಲಿ ಅದನ್ನು ತಡವರಿಸಿ ಓದಿ, ಬೆವರೊರೆಸಿಕೊಂಡು ಅರ್ಥ ಹೇಳಿದ. ಟ್ಯಾಮ್ಸಿನ್ ಹೊರಗೆ ಬಂದವಳೇ ಗಂಡನನ್ನು ಹಿಡಿದಳು.

"ನಮ್ ಮಕ್ಕಳನ್ನ ಸಾಯೋಕೆ ಕರೀತಾನೆ, ಅದನ್ನ ನಮ್ ಮಾತಲ್ಲಿ ಕರೆಯೋಕೂ ಅವನಿಗೆ ಆಗ್ಲಿಲ್ವಾ?"

ಸಲಹೆಗಾರರು ಬರೆದದ್ದಿರಬೇಕು ಎಂದ ಆಂಬ್ರೋಸ್. ಪಕ್ಕದಲ್ಲಿದ್ದ ಅವಳ ತಮ್ಮ ಜೊಸಾಯ ನಕ್ಕುಬಿಟ್ಟ. ಅವನು ಊರಿನ ಗಾಡಿ ಚಕ್ರ ಮಾಡುವವನು, ಬಾಯಿ ಸ್ವಲ್ಪ ಜೋರು.

"ಭಾವ, ಜನವರೀಲಿ ದೊರೆ ಪಾರ್ಲಿಮೆಂಟಿಗೆ ನುಗ್ಗಿ ಎದುರಾಡೋ ಐದು ಸದಸ್ಯರನ್ನ ಹಿಡಿಯೋಕೆ ಹೋದ್ನಲ್ಲ, ಕತ್ತಿಯೋರನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡು, ಯಾರು ಹೋಗಿದ್ದು? ಸಲಹೆಗಾರನ ಕಾಲಲ್ಲಿ ನಡ್ಕೊಂಡು ಹೋದ್ನಾ? ಹೋಗಿ, ಅವರು ಸಿಕ್ಕದೆ, ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬಂದ. ಅವತ್ತೇ ದೇಶ ಇಬ್ಭಾಗ ಆಯ್ತು."

ಆಂಬ್ರೋಸ್ ಎರಡೂ ಕಾಗದ ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಅವನ ತಲೆಯಲ್ಲಿದ್ದದ್ದು ಬೇರೆ. ಎಂಟು ಮಂದಿಯನ್ನೂ ದೊರೆಗೆ ಕೊಟ್ಟರೆ ಪಾರ್ಲಿಮೆಂಟಿನ ಕುದುರೆ ಸವಾರರು ಬಂದು ಕಣಜ ಸುಡುತ್ತಾರೆ. ಪಾರ್ಲಿಮೆಂಟಿಗೆ ಕೊಟ್ಟರೆ ದೊರೆಯವರು ಅವನನ್ನೇ ನೇಣಿಗೆ ಹಾಕುತ್ತಾರೆ. ನಾಲ್ಕನೆಯ ದಿನ ಅವನಿಗೊಂದು ದಾರಿ ಹೊಳೆಯಿತು. ಹೊಳೆದಾಗ ತನ್ನ ಜಾಣತನಕ್ಕೆ ತಾನೇ ಹಿಗ್ಗಿದ.

ಸ್ಕೆಲ್ಬಿಯ ಹುಲ್ಲುಗಾವಲು ಯಾರೊಬ್ಬರ ಸ್ವತ್ತೂ ಅಲ್ಲ. ಪ್ರತಿ ಜುಲೈನಲ್ಲಿ ಮನೆಮನೆಯ ಗುರುತು ಕೊರೆದ ಮರದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಎತ್ತುತ್ತಾರೆ. ಗಾವಲಿನ ಯಾವ ತುಂಡಿಗೆ ಯಾರ ಬಿಲ್ಲೆ ಬಂತೋ ಅಲ್ಲಿ ಅವರು ಹುಲ್ಲು ಕೊಯ್ಯಬೇಕು. ಜೌಗು ನೆಲ ಬಂದರೂ ಮಾತಿಲ್ಲ. ಬಿಲ್ಲೆಯ ವಿಷಯದಲ್ಲಿ ತಕರಾರು ತೆಗೆದವನ ಜೊತೆ ಊರಿನಲ್ಲಿ ಯಾರೂ ಬೆಂಕಿ ಕೂಡ ಹಂಚಿಕೊಳ್ಳುವುದಿಲ್ಲ. ಅಜ್ಜನ ಅಜ್ಜನ ಕಾಲದಿಂದ ಅದೇ ನ್ಯಾಯ.

ಆ ಸಲ ಹುಲ್ಲು ಹಂಚಿದ ಮೇಲೆ ಆಂಬ್ರೋಸ್ ಎಂಟು ಮಂದಿಯ ಬಿಲ್ಲೆಗಳನ್ನು ಮತ್ತೆ ಅದೇ ಚೀಲಕ್ಕೆ ಹಾಕಿದ. ಮೊದಲು ಬರುವ ನಾಲ್ಕು ದೊರೆಗೆ, ಉಳಿದ ನಾಲ್ಕು ಪಾರ್ಲಿಮೆಂಟಿಗೆ. ಈಟಿಗಳು ಅತ್ತ, ಕೋವಿಗಳು ಇತ್ತ. ಎರಡೂ ಕಡೆಯವರಿಗೆ ನಾವು ಬಂದೆವು ಎಂದಾಯಿತು. ಕವಾಯತು ಎಂದರೆ ಅವರಿಗೆ ಗೊತ್ತಿದ್ದದ್ದು ವರ್ಷಕ್ಕೊಂದು ದಿನ ಬಯಲಿನಲ್ಲಿ ಸಾಲುಗಟ್ಟಿ ನಿಂತು, ಬಿಯರು ಕುಡಿದು, ಒಬ್ಬರ ಹೆಗಲಿಗೊಬ್ಬರು ಜೋತು ಮನೆಗೆ ಬರುವುದು. ಬಾರ್ಲಿ ಕೊಯ್ಲಿಗೆ ಮುಂಚೆ ದೊಡ್ಡವರು ರಾಜಿಯಾಗುತ್ತಾರೆ ಎಂದು ಆಂಬ್ರೋಸ್ ಹೇಳಿದ. ಎಲ್ಲರೂ ತಲೆಯಾಡಿಸಿದರು. ಮೂರನೆಯದು ಕ್ರಿಸ್ಪಿನ್‌ನ ಬಿಲ್ಲೆ. ಆರನೆಯದು ಜೊಸಾಯನದು. ಜೌಗು ನಿನಗೇ ಬಂತಲ್ಲೋ ಅಳಿಯ ಎಂದು ಜೊಸಾಯ ಅಕ್ಕನ ಮಗನ ಬೆನ್ನಿಗೆ ಗುದ್ದಿದ. ಟ್ಯಾಮ್ಸಿನ್ ನಗಲಿಲ್ಲ.

ಬಾರ್ಲಿ ಕೊಯ್ಲಾಯಿತು. ಹೆಂಗಸರೇ ಕೊಯ್ದರು. ಹೋದವರಲ್ಲಿ ಒಬ್ಬನೂ ಬರಲಿಲ್ಲ. ಆಗಸ್ಟ್ ಕೊನೆಗೆ ದೊರೆ ತನ್ನ ಪ್ರಜೆಗಳ ಮೇಲೆಯೇ ಯುದ್ಧದ ಬಾವುಟ ನೆಟ್ಟನೆಂಬ ಸುದ್ದಿ ಬಂತು. ರಾಜಿಗೆ ಬಂದವರನ್ನು ಆತ ಹಿಂದಕ್ಕೆ ಕಳಿಸಿದನಂತೆ, ಆತನ ರಾಜಿಪತ್ರವನ್ನು ಪಾರ್ಲಿಮೆಂಟಿನವರು ಹಿಂದಕ್ಕೆ ಕಳಿಸಿದರಂತೆ. ಅಕ್ಟೋಬರಿನಲ್ಲಿ ಸೂಜಿ ದಾರ ಮಾರುವವನು ಬಂದು, ಎರಡು ಸೈನ್ಯವೂ ಒಂದೇ ದಿಕ್ಕಿಗೆ ನಡೆಯುತ್ತಿವೆ ಎಂದ. ಆ ದಿನ ಟ್ಯಾಮ್ಸಿನ್ ಗಂಡನ ಮುಂದೆ ಬಟಾಣಿ ಗಂಜಿಯಿಟ್ಟು, ಕೂರದೆ ನಿಂತೇ ಕೇಳಿದಳು.

"ಮಗನ್ನ ಒಂದು ಕಡೆ ನಿಲ್ಲಿಸಿದೀಯ, ನನ್ ತಮ್ಮನ್ನ ಇನ್ನೊಂದು ಕಡೆ. ಯಾರು ಗೆಲ್ಲಲಿ ಅಂತ ಬೇಡ್ಕೊಳ್ಳಲಿ ನಾನು? ನೀನೇ ಹೇಳ್ಕೊಡು."

ಗಂಜಿ ಹಾಗೇ ಉಳಿಯಿತು. ಮರುದಿನ ಅವನು ಕಾನ್‌ಸ್ಟೇಬಲ್ ಕೋಲು ಹಿಡಿದು ಹೊರಟ. ಇಬ್ಬರನ್ನೂ ತರುವುದು ಆಗದ ಮಾತು, ಒಬ್ಬನನ್ನು ತಂದರೂ ಇನ್ನೊಬ್ಬನ ಎದುರಿಗೆ ಅವನು ಇರುವುದಿಲ್ಲ. ಲೆಕ್ಕ ಅಷ್ಟೇ.

ಒಂಬತ್ತು ದಿನ ಅಲೆದ. ದೊರೆಯ ಸೈನ್ಯ ಹೋದ ದಾರಿ ಕೇಳಿ ತಿಳಿಯಬೇಕಾಗಿರಲಿಲ್ಲ. ಬೇಲಿಗಳಿಲ್ಲ, ಕೋಳಿಗಳಿಲ್ಲ, ಮೂಳೆ ಮಾತ್ರ ಬಿದ್ದಿದ್ದವು. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಒಂದು ಹಳ್ಳಿಯ ಹೊರಗೆ ಮಗ ಸಿಕ್ಕಿದ. ಕೆನ್ನೆ ಒಳಕ್ಕೆ ಹೋಗಿತ್ತು, ಕಾಲಿಗೆ ಬೂಟಿನ ಬದಲು ಗೋಣಿ ಸುತ್ತಿದ್ದ. ಅಪ್ಪನನ್ನು ನೋಡಿ ಮೊದಲು ಕೇಳಿದ್ದು ತಿನ್ನಲು ಏನಾದರೂ ತಂದಿದ್ದೀಯಾ ಎಂದು.

ತುಕಡಿಯ ಅಧಿಕಾರಿ ಯಾವುದೋ ಜಮೀನ್ದಾರನ ಕಿರಿಮಗ, ಒರಟನೇನಲ್ಲ. ಆಂಬ್ರೋಸ್ ಟೋಪಿ ತೆಗೆದು, ಒಂದು ದಿನದ ಕವಾಯತಿಗೆಂದು ಕಳಿಸಿದ ಹುಡುಗರು, ಬಿತ್ತನೆ ನಿಂತಿದೆ ಎಂದು ವಿವರಿಸಿದ. ಅಧಿಕಾರಿ ಒಂದು ಪಟ್ಟಿ ತೆಗೆದು ತೋರಿಸಿದ. ನಾಲ್ಕು ಹೆಸರಿನ ಕೆಳಗೆ ಆಂಬ್ರೋಸನ ಗುರುತಿತ್ತು.

"ತಂದು ಕೊಟ್ಟೋನು ನೀನೇ ತಾನೆ? ದೊರೆ ಬಿಡುಗಡೆ ಮಾಡೋವರೆಗೆ ಒಂದು ಈಟೀನೂ ಖಾಲಿ ಬಿಡಂಗಿಲ್ಲ."

"ಬಿಡಬೇಡಿ ಧಣಿ. ಆ ಈಟಿ ನಾನು ಹಿಡೀತೀನಿ."

ಅಧಿಕಾರಿ ಅವನ ಬಿಳಿ ಗಡ್ಡ ನೋಡಿದ, ತೋಳು ಒತ್ತಿ ನೋಡಿದ. ಅವನ ತುಕಡಿಯಿಂದ ಊಟವಿಲ್ಲದೆ ದಿನಕ್ಕಿಬ್ಬರು ಓಡಿಹೋಗುತ್ತಿದ್ದರು. ಪಟ್ಟಿಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದ.

ಕ್ರಿಸ್ಪಿನ್ ಹೋಗಲು ಒಪ್ಪಲಿಲ್ಲ. ಮಾವ ಆ ಕಡೆ ಇದ್ದಾನೆ, ನೀನು ಅವನಿಗೆ ಈಟಿ ಚುಚ್ಚುತ್ತೀಯಾ ಎಂದು ಅಪ್ಪನ ತೋಳು ಹಿಡಿದ.

"ನೀನು ಚುಚ್ಚೋ ಹಾಗೆ ಮಾಡಿದೋನು ನಾನು," ಎಂದ ಆಂಬ್ರೋಸ್. "ನಡಿ. ನಿನ್ನಮ್ಮ ಕೇಳಿದ್ರೆ ಹೇಳು, ಇದು ದೊರೆ ಮಾಡಿದ್ದು, ಅವನ ಸಲಹೆಗಾರರಲ್ಲ. ಅವನು ಕರೆದ, ನಾನು ಹಿಡ್ಕೊಟ್ಟೆ. ಇಬ್ಬರನ್ನೂ ಸೇರಿಸಿ ಬಯ್ಯಲಿ."

ಮಗ ಅಳುತ್ತಲೇ ಅಪ್ಪ ತಂದ ರೊಟ್ಟಿ ಕಚ್ಚಿಕೊಂಡು ಹೋದ. ಹೆದ್ದಾರಿ ತಿರುವಿನಲ್ಲಿ ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ಅದೇ ಒಳ್ಳೆಯದಾಯಿತು.

ಮರುದಿನ ಭಾನುವಾರ. ಗುಡ್ಡದ ನೆತ್ತಿಯಿಂದ ಸೈನ್ಯವನ್ನು ಕೆಳಗಿಳಿಸಿ ಉತ್ತ ಹೊಲದಲ್ಲಿ ನಿಲ್ಲಿಸಿದರು. ದೊರೆ ಸಾಲುಗಳ ಹಿಂದೆ ಕುದುರೆ ಮೇಲೆ ಓಡಾಡುತ್ತಿದ್ದಾನೆ ಎಂದು ಪಕ್ಕದವನು ಪಿಸುಗುಟ್ಟಿದ. ಆಂಬ್ರೋಸ್ ತಿರುಗಿ ನೋಡಲಿಲ್ಲ. ಅವನ ಕಣ್ಣು ಎದುರಿನ ಸಾಲಿನಲ್ಲಿ ಗಾಡಿ ಚಕ್ರ ಮಾಡುವವನ ಅಗಲ ಹೆಗಲನ್ನು ಹುಡುಕುತ್ತಿತ್ತು. ಅಷ್ಟು ದೂರದಿಂದ ಎಲ್ಲರ ಹೆಗಲೂ ಒಂದೇ ಥರ. ಮೂರು ಗಂಟೆಯ ಸುಮಾರಿಗೆ ಫಿರಂಗಿ ಹಾರಿತು, ಸಾಲು ಅಲುಗಿತು. ಹದಿನಾರು ಅಡಿಯ ಈಟಿಯನ್ನು ಅವನು ಹೆಗಲಿಗೆ ಒರಗಿಸಿಕೊಂಡಿದ್ದ. ಯಾರೋ ಈಟಿ ತಗ್ಗಿಸಿ ಎಂದು ಕೂಗಿದರು. ಅವನು ತಗ್ಗಿಸಿದ, ಎಲ್ಲರ ಜೊತೆ ಮುಂದಕ್ಕೆ ನಡೆದ.